ತುಂಬು ಗಬ್ಬದ ಮೇಕೆ ಮೇವು ಬಿಟ್ಟರೆ

ಕೇಳುಗರೇ, ನಮಸ್ಕಾರ.

ಹೋದ ವರ್ಷ ಕೋಲಾರದ ಕಡೆಯ ಒಂದು ಹಳ್ಳಿಯಿಂದ ಫೋನ್ ಬಂತು. "ಡಾಕ್ಟ್ರೇ, ನಮ್ಮ ಮೇಕೆ ಎರಡು ದಿನದಿಂದ ಮೇವು ಮುಟ್ಟಿಲ್ಲ. ಈಯೋಕೆ ಇನ್ನೂ ಒಂದು ವಾರ ಇದೆ" ಅಂದರು ಆ ಮನೆಯ ಅಮ್ಮ. ಹೋಗಿ ನೋಡಿದೆ. ಮೇಕೆ ಗೋಡೆಗೆ ತಲೆ ಒತ್ತಿ ನಿಂತಿತ್ತು, ಹಲ್ಲು ಕಡಿಯುತ್ತಿತ್ತು. ಕಣ್ಣ ಮುಂದೆ ಕೈ ಬೀಸಿದರೂ ರೆಪ್ಪೆ ಅಲುಗಲಿಲ್ಲ. ಉಸಿರಲ್ಲಿ ಹೆಚ್ಚು ಮಾಗಿದ ಹಣ್ಣಿನಂಥ ಸಿಹಿ ವಾಸನೆ. ಮೂತ್ರಕ್ಕೆ ಪರೀಕ್ಷೆಯ ಪಟ್ಟಿ ಹಿಡಿದೆ. ನೋಡ್ತಾ ನೋಡ್ತಾ ಅದು ಕಡುನೇರಳೆ ಆಯ್ತು.

ಇದೇ ಗರ್ಭನಂಜು. ನಂಜು ಅಂದರೆ ಮೇಕೆ ಏನೋ ವಿಷ ತಿಂದಿದೆ ಅಂತಲ್ಲ. ಈ ನಂಜು ಹುಟ್ಟುವುದು ಅದರ ಮೈಯೊಳಗೇ.

ಮೇಕೆಯ ಗಬ್ಬ ಸುಮಾರು 150 ದಿನ. ಮರಿಯ ತೂಕದ ಮುಕ್ಕಾಲು ಪಾಲು ಬೆಳೆಯುವುದು ಕೊನೆಯ ಆರು ವಾರದಲ್ಲಿ. ಅವಳಿ, ತ್ರಿವಳಿ ಇದ್ದರಂತೂ ತಾಯಿಯ ರಕ್ತದ ಸಕ್ಕರೆಯನ್ನೆಲ್ಲ ಅವೇ ಎಳೆದುಕೊಳ್ಳುತ್ತವೆ. ಅದೇ ಹೊತ್ತಿಗೆ ಗರ್ಭಕೋಶ ಹಿಗ್ಗಿ ಮೇವಿನ ಹೊಟ್ಟೆಯನ್ನು ಒತ್ತುತ್ತದೆ. ಬೇಕಾದ್ದು ಜಾಸ್ತಿ, ತಿನ್ನೋಕೆ ಜಾಗ ಕಡಿಮೆ.

ಇಲ್ಲಿ ಹಾರ್ಮೋನುಗಳ ಲೆಕ್ಕ ತಪ್ಪುತ್ತದೆ. ಮೈಯ ಕೊಬ್ಬಿನ ಉಗ್ರಾಣಕ್ಕೆ ಬೀಗ ಇದ್ದ ಹಾಗೆ ಇನ್ಸುಲಿನ್. ಸಕ್ಕರೆ ಇಳಿದಾಗ ಇನ್ಸುಲಿನ್ ಕೂಡ ಇಳಿಯುತ್ತದೆ, ಬೀಗ ತೆರೆದುಕೊಳ್ಳುತ್ತದೆ. ಕೊಬ್ಬೆಲ್ಲ ಯಕೃತ್ತಿಗೆ ನುಗ್ಗುತ್ತದೆ. ಅಷ್ಟನ್ನು ಸುಟ್ಟು ಮುಗಿಸಲಾಗದೆ ಯಕೃತ್ತು ಅರ್ಧಕ್ಕೆ ಬಿಟ್ಟದ್ದೇ ಕೀಟೋನ್. ಆ ಸಿಹಿ ವಾಸನೆ, ಪಟ್ಟಿಯ ಆ ನೇರಳೆ ಬಣ್ಣ ಎರಡೂ ಅದರದ್ದೇ. ಸತ್ತ ಮೇಕೆಯನ್ನು ಕೊಯ್ದು ನೋಡಿದ್ದೇನೆ. ಯಕೃತ್ತು ಹಳದಿಯಾಗಿ, ಬೆರಳಿಟ್ಟರೆ ಪುಡಿಯಾಗುವಂತೆ ಇರುತ್ತದೆ.

ಇನ್ನೊಂದು ಹಾರ್ಮೋನು ಕಾರ್ಟಿಸಾಲ್. ಸಂಕಟ ಬಂದಾಗ ಮೈ ಇದನ್ನು ಸುರಿಸುತ್ತದೆ. ಕೆಟ್ಟ ಯಕೃತ್ತು ಅದನ್ನು ಬೇಗ ಕಳೆಯಲಾರದು, ಹಾಗಾಗಿ ಅದು ರಕ್ತದಲ್ಲೇ ಉಳಿಯುತ್ತದೆ. ಕಾರ್ಟಿಸಾಲ್ ಏರಿದಾಗ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ. ನ್ಯೂಟ್ರೋಫಿಲ್ ಎಂಬ ಕಣಗಳು ಲೆಕ್ಕದಲ್ಲಿ ಜಾಸ್ತಿ ಕಾಣುತ್ತವೆ, ಆದರೆ ಗಾಯ, ಸೋಂಕು ಇರುವ ಕಡೆಗೆ ಸರಿಯಾಗಿ ಹೋಗುವುದಿಲ್ಲ. ಕೀಟೋನ್ ಅವುಗಳ ಕೊಲ್ಲುವ ಶಕ್ತಿಯನ್ನೂ ಮಂಕು ಮಾಡುತ್ತದೆ. ಅದಕ್ಕೇ ಈ ಮೇಕೆಗಳಲ್ಲಿ ಈದ ಮೇಲೆ ಮಾಸ ಬೀಳದಿರುವುದು, ಗರ್ಭಕೋಶದ ಸೋಂಕು, ಕೆಚ್ಚಲು ಬಾವು ಬೇಗ ಬರುತ್ತವೆ.

ನನಗೆ ತುಂಬ ನೋವಾಗುವುದು ಮರಿಗಳ ವಿಷಯದಲ್ಲಿ. ಮೇಕೆಯ ಮಾಸದ ಮೂಲಕ ತಾಯಿಯ ಪ್ರತಿಕಾಯಗಳು, ಅಂದರೆ ರೋಗ ತಡೆಯುವ ಪ್ರೋಟೀನುಗಳು, ಮರಿಗೆ ದಾಟುವುದಿಲ್ಲ. ಅದಕ್ಕೆ ಸಿಗುವುದೆಲ್ಲ ಗಿಣ್ಣು ಹಾಲಿನಿಂದಲೇ. ಸೊರಗಿದ ತಾಯಿಗೆ ಗಿಣ್ಣೂ ಕಡಿಮೆ. ಎರಡು ಕೇಜಿಯ ಮರಿಗೆ ಮೊದಲ ದಿನ ಸುಮಾರು 200 ಮಿಲೀ ಬೇಕು. ಮೊದಲ ಗುಟುಕು ಹುಟ್ಟಿದ ಒಂದೆರಡು ಗಂಟೆಯೊಳಗೆ ಸಿಗಬೇಕು.

ಎಷ್ಟೋ ಜನ ಬೆಲ್ಲದ ನೀರು ಕುಡಿಸಿ ಕಾಯುತ್ತಾರೆ. ತಪ್ಪು ಅವರದ್ದಲ್ಲ, ಸಕ್ಕರೆ ಕಡಿಮೆಯಾದರೆ ಸಕ್ಕರೆ ಕೊಡೋಣ ಅನಿಸುತ್ತದೆ, ಅಲ್ವಾ? ಆದರೆ ಬೆಲ್ಲವನ್ನು ಮೇವಿನ ಹೊಟ್ಟೆಯ ಸೂಕ್ಷ್ಮಜೀವಿಗಳೇ ತಿಂದುಬಿಡುತ್ತವೆ. ರಕ್ತಕ್ಕೆ ಸಕ್ಕರೆ ಸೇರಲು ಪ್ರೊಪಿಲೀನ್ ಗ್ಲೈಕಾಲ್ ಎಂಬ, ಯಕೃತ್ತಿನಲ್ಲಿ ಸಕ್ಕರೆಯಾಗುವ ದ್ರವ ಕುಡಿಸಬೇಕು, ಇಲ್ಲವೇ ನರಕ್ಕೆ ಗ್ಲೂಕೋಸ್ ಹಾಕಬೇಕು. ಮಲಗಿದ ಮೇಕೆಗೆ ಸುಮ್ನೆ ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಡಾಕ್ಟರನ್ನು ಕರೆಸಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಅದಕ್ಕೂ ಮೊದಲು, ಕೊನೆಯ ಆರು ವಾರದಲ್ಲಿ ಜೋಳದ ನುಚ್ಚು, ಕಡಲೆಕಾಯಿ ಹಿಂಡಿ ಸೇರಿಸುತ್ತಾ ಬನ್ನಿ. ದಿನಕ್ಕೆ 100 ಗ್ರಾಂನಿಂದ ಶುರುಮಾಡಿ, ನಿಧಾನಕ್ಕೆ 300 ಗ್ರಾಂ ಮಾಡಿ, ಎರಡು ಹೊತ್ತಿಗೆ ಹಂಚಿ. ಒಮ್ಮೆಲೇ ಜಾಸ್ತಿ ಕೊಟ್ಟರೆ ಹೊಟ್ಟೆ ಹುಳಿಯಾಗುತ್ತದೆ. ಬೆಳಗ್ಗೆ ಮೇವು ಹಾಕುವಾಗ ಯಾವ ಮೇಕೆ ಹಿಂದೆ ಉಳಿಯಿತು ಅಂತ ನೋಡಿ.

ಆ ಅಮ್ಮನ ಮೇಕೆಗೆ ಗ್ಲೂಕೋಸ್ ಹಾಕಿ, ಈಯಿಸುವ ಇಂಜೆಕ್ಷನ್ ಕೊಟ್ಟೆ. ಎರಡು ಮರಿಯಲ್ಲಿ ಒಂದು ಉಳಿಯಿತು. ತಾಯಿಗೆ ಗಿಣ್ಣು ಇರಲಿಲ್ಲ. ಪಕ್ಕದ ಮನೆಯ ಮೇಕೆ ಅದೇ ಬೆಳಗ್ಗೆ ಈದಿತ್ತು. ಅಮ್ಮ ಲೋಟ ಹಿಡಿದು ಓಡಿದರು.

ನಮಸ್ಕಾರ.