ಮರದ ಹೊಟ್ಟಿಗೊಂದು ಗಟ್ಟಿ ಡ್ರಮ್ಮು

ಕೇಳುಗರಿಗೆ ನಮಸ್ಕಾರ.

ಅಕ್ಕಿ ಗಿರಣಿಯ ಮುಂದೆ ಹೋಗುವಾಗ ಒಮ್ಮೆ ತಲೆ ಎತ್ತಿ ನೋಡಿ. ಚಾವಣಿಯ ಹತ್ತಿರ ತಗಡಿನ ದೊಡ್ಡ ಆಲಿಕೆಯೊಂದು ನಿಂತಿರುತ್ತದೆ. ಮೇಲೆ ಅಗಲ, ಕೆಳಗೆ ಚೂಪು. ಅದೇ ಸೈಕ್ಲೋನ್. ಗಾಳಿ ಪಕ್ಕದಿಂದ ನುಗ್ಗಿ ಅದರೊಳಗೆ ಗಿರಗಿರ ಸುತ್ತುತ್ತದೆ. ಹೊಟ್ಟು, ಧೂಳು ಗೋಡೆಗೆ ಸರಿದು, ಜಾರಿ ಕೆಳಗೆ ಬೀಳುತ್ತದೆ. ಗಾಳಿ ನಡುವಿನ ಕೊಳವೆಯಿಂದ ಮೇಲಕ್ಕೆ ಹೊರಟುಹೋಗುತ್ತದೆ.

ಮನೆಯಲ್ಲೇ ಮರಗೆಲಸ ಮಾಡುವವರಿಗೆ ಇದರದೇ ಮರಿ ಸಿಗುತ್ತದೆ, ಪ್ಲಾಸ್ಟಿಕ್ಕಿನದು, ಮೊಳದುದ್ದ ಇದ್ದರೆ ಜಾಸ್ತಿ. ಒಂದು ಕಡೆ ಗರಗಸದಿಂದ ಬರುವ ಪೈಪು, ಇನ್ನೊಂದು ಕಡೆ ವ್ಯಾಕ್ಯೂಮ್ ಕ್ಲೀನರ್, ಕೆಳಗೆ ಹೊಟ್ಟು ಬೀಳಲು ಒಂದು ಡಬ್ಬ. ನಾನು ಇವತ್ತು ಮಾತಾಡುವುದು ಆ ಡಬ್ಬದ ಬಗ್ಗೆ. ಸೈಕ್ಲೋನನ್ನು ಎಲ್ಲರೂ ಹತ್ತು ಸಲ ವಿಚಾರಿಸಿ ಕೊಳ್ಳುತ್ತಾರೆ. ಡಬ್ಬವನ್ನು ಯಾರೂ ಯೋಚಿಸುವುದಿಲ್ಲ.

ನಾನೂ ಯೋಚಿಸಿರಲಿಲ್ಲ. ಮನೆಗೆ ಬಣ್ಣ ಹೊಡೆಸಿದಾಗ ಉಳಿದ 20 ಲೀಟರಿನ ಬಕೆಟ್ ಇತ್ತು. ಮುಚ್ಚಳ ಕೊರೆದು ಸೈಕ್ಲೋನ್ ಕೂರಿಸಿದೆ. ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೇ ದಿನ ಪ್ಲೈವುಡ್ಡಿನ ಒಂದು ಚೂರು ಪೈಪಿನ ಬಾಯಿಗೆ ಅಡ್ಡ ಕೂತಿತು. ಡಬ್ ಅಂತ ಸದ್ದು. ನೋಡಿದರೆ ಬಕೆಟ್ಟಿನ ಎರಡೂ ಪಕ್ಕ ಒಳಕ್ಕೆ ಸೇದಿಕೊಂಡು ಒಂದನ್ನೊಂದು ಮುಟ್ಟಿವೆ. ಮುಚ್ಚಳ ಹಾರಿ, ಒಳಗಿದ್ದ ಪುಡಿಯೆಲ್ಲ ಕೋಣೆಗೆ ಚೆಲ್ಲಿತು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಗಳು ಅವತ್ತು ರಾತ್ರಿಯೆಲ್ಲ ಕೆಮ್ಮಿದಳು. ಆ ಕೆಮ್ಮು ಕೇಳಿದ ಮೇಲೆಯೇ ನಾನು ಡಬ್ಬದ ವಿಷಯವನ್ನು ಸರಿಯಾಗಿ ತಿಳಿದುಕೊಂಡದ್ದು.

ಆಗಿದ್ದು ಇಷ್ಟು. ಪೈಪು ಪೂರ್ತಿ ಕಟ್ಟಿಕೊಂಡರೆ ಗಟ್ಟಿ ಎಳೆತದ ವ್ಯಾಕ್ಯೂಮ್ ಡಬ್ಬದೊಳಗಿನ ಗಾಳಿಯ ಒತ್ತಡವನ್ನು 15 ಕಿಲೋಪ್ಯಾಸ್ಕಲ್‌ನಷ್ಟು ತಗ್ಗಿಸಬಲ್ಲದು. ಬಕೆಟ್ಟಿನ ಮುಚ್ಚಳ 28 ಸೆಂಟಿಮೀಟರ್ ಅಗಲ ಅಂದುಕೊಳ್ಳಿ. ಆ ಮುಚ್ಚಳದ ಮೇಲೆ ಹೊರಗಿನ ಗಾಳಿ ಸುಮಾರು 90 ಕೆಜಿ ತೂಕದಷ್ಟು ಒತ್ತುತ್ತದೆ. ದಷ್ಟಪುಷ್ಟ ಆಳೊಬ್ಬರು ಹತ್ತಿ ನಿಂತ ಹಾಗೆ! ಪಕ್ಕಗಳ ಮೇಲೂ ಅದೇ ಒತ್ತಡ. ತೆಳು ಬಕೆಟ್ ತಾಳುವುದು ಹೇಗೆ? ಅಡುಗೆ ಎಣ್ಣೆಯ ಚೌಕದ ಟಿನ್ ಇದಕ್ಕಿಂತ ಕಷ್ಟ. ಚಪ್ಪಟೆ ಗೋಡೆ ಬೇಗ ಒಳಗೆ ಬಾಗುತ್ತದೆ. ದುಂಡಗಿದ್ದು ದಪ್ಪಗಿರಬೇಕು, ಅದು ಮೊದಲನೇ ಮಾತು.

ನನ್ನ ಪ್ರಕಾರ ಇದಕ್ಕೆ ಹೇಳಿ ಮಾಡಿಸಿದ್ದು ಆ ನೀಲಿ ಡ್ರಮ್ಮು. ನೀವು ನೋಡಿರುತ್ತೀರಿ, ನೀರು ತುಂಬಿಡಲು ಎಷ್ಟೋ ಮನೆಗಳ ಮುಂದೆ ಇರುತ್ತದೆ. ಅದರಲ್ಲಿ 50, 60 ಲೀಟರಿನದು ಸಾಕು. ಬಾಯಿ ಪೂರ್ತಿ ತೆರೆಯುವಂಥದ್ದನ್ನೇ ತೆಗೆದುಕೊಳ್ಳಿ. ಮುಚ್ಚಳದ ಒಳಗೆ ರಬ್ಬರಿನ ಬಳೆ, ಹೊರಗೆ ಕಬ್ಬಿಣದ ಪಟ್ಟಿ, ಪಟ್ಟಿಗೊಂದು ಹಿಡಿ. ಹಿಡಿ ಒತ್ತಿದರೆ ಮುಚ್ಚಳ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹೊಟ್ಟು ಚೆಲ್ಲಬೇಕಾದಾಗ ಒಂದೇ ಕೈಯಲ್ಲಿ ಬಿಚ್ಚಬಹುದು.

ಎಲ್ಲಿ ಸಿಗುತ್ತದೆ? ಹೊಸದೇ ಬೇಕಿಲ್ಲ. ಬೆಂಗಳೂರಾದರೆ ಭಾನುವಾರ ಕೆ.ಆರ್. ಮಾರುಕಟ್ಟೆಯ ಆಸುಪಾಸಿನ ಗುಜರಿ ಸಂತೆಯಲ್ಲಿ ಒಂದು ಸುತ್ತು ಹಾಕಿ. ಬೇರೆ ಊರಾದರೆ ಗುಜರಿ ಅಂಗಡಿ ಇದ್ದೇ ಇರುತ್ತದೆ. ಅದಕ್ಕೂ ಮೊದಲು ಹತ್ತಿರದ ಬೇಕರಿಯಲ್ಲೋ ಮಿಠಾಯಿ ಮಾಡುವ ಕಡೆಯೋ ಕೇಳಿ ನೋಡಿ. ಗ್ಲೂಕೋಸ್ ಪಾಕ, ಹಣ್ಣಿನ ತಿರುಳು, ಉಪ್ಪಿನಕಾಯಿ ಇಂಥ ಡ್ರಮ್ಮುಗಳಲ್ಲೇ ಬರುತ್ತವೆ. ಬಿಸಿನೀರು, ಸೋಪು ಹಾಕಿ ಎರಡು ಸಲ ತೊಳೆದು ಬಿಸಿಲಿಗಿಟ್ಟರೆ ಆಯಿತು. ಉಪ್ಪಿನಕಾಯಿ ವಾಸನೆ ಮಾತ್ರ ಬೇಗ ಬಿಡುವುದಿಲ್ಲ, ಆದರೆ ಹೊಟ್ಟಿಗೆ ಅದರಿಂದ ಏನೂ ತೊಂದರೆ ಇಲ್ಲ.

ಇಲ್ಲಿ ಒಂದು ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಿ. ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಗೊತ್ತಾಗದೆ ಕೊಳ್ಳಬೇಡಿ, ಎಷ್ಟೇ ಅಗ್ಗಕ್ಕೆ ಕೊಟ್ಟರೂ. ಚೀಟಿ ಕಿತ್ತು ಹಾಕಿದ್ದರೆ ಬಿಟ್ಟುಬಿಡಿ. ಕೆಂಪು ಅಂಚಿನ ವಜ್ರಾಕಾರದ ಗುರುತು ಇದ್ದರೆ ಒಳಗೆ ಅಪಾಯದ ರಾಸಾಯನಿಕ ಇತ್ತು ಅಂತ ಅರ್ಥ. ಕೀಟನಾಶಕದ ಡಬ್ಬಗಳ ಮೇಲಿನ ತ್ರಿಕೋನ ರೈತರಿಗೆ ಚೆನ್ನಾಗಿ ಗೊತ್ತು: ಕೆಂಪು, ಹಳದಿ, ನೀಲಿ, ಹಸಿರು. ಕೆಂಪು ಎಲ್ಲಕ್ಕಿಂತ ವಿಷ, ಆದರೆ ಹಸಿರಿದ್ದರೂ ನಮಗೆ ಬೇಡ. ಆ ಡಬ್ಬದೊಳಗೆ ಸುತ್ತುವ ಗಾಳಿಯೇ ಕೊನೆಗೆ ನಮ್ಮ ಕೋಣೆಗೆ ಬರುತ್ತದೆ, ಅಲ್ವಾ?

ಡ್ರಮ್ಮು ಸಿಗಲೇ ಇಲ್ಲವೆಂದರೆ ಬಣ್ಣದ ಬಕೆಟ್ಟಿನಲ್ಲೂ ಕೆಲಸ ಸಾಗಿಸಬಹುದು. ಒಂದೇ ಅಳತೆಯ ಎರಡು ಬಕೆಟ್ ಒಂದರೊಳಗೊಂದು ಇಡಿ. ಗೋಡೆ ದಪ್ಪವಾಯಿತು. ಪ್ಲೈವುಡ್ಡಿನಲ್ಲಿ ಬಳೆಯೊಂದನ್ನು ಕತ್ತರಿಸಿ ಒಳಗೆ ನಡುಮಟ್ಟದಲ್ಲಿ ಸಿಕ್ಕಿಸಿ. ಮುಚ್ಚಳದ ಅಡಿಗೂ ದುಂಡನೆಯ ಪ್ಲೈವುಡ್ ಕೊಡಿ. ಆದರೂ 20 ಲೀಟರ್ ಚಿಕ್ಕದೇ. ಎರಡು ಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಹಲಗೆಯಿಂದ ಒಂದೇ ಮಿಲಿಮೀಟರ್ ಹೆರೆದರೂ 400 ಸಿ.ಸಿ. ಮರ ಹೋಗುತ್ತದೆ. ಅದು ಸುರುಳಿ ಸುರುಳಿಯಾಗಿ ಉಬ್ಬಿ ಎಷ್ಟೋ ಪಟ್ಟು ಜಾಗ ತಿನ್ನುತ್ತದೆ. ನಾಲ್ಕು ಹಲಗೆಗೆ ಬಕೆಟ್ ತುಂಬಿತು ಅಂತಲೇ ಲೆಕ್ಕ. ಯಾವ ಡಬ್ಬವಾದರೂ ಮುಕ್ಕಾಲು ತುಂಬುವ ಮೊದಲೇ ಚೆಲ್ಲಿ. ಹೊಟ್ಟು ಆಲಿಕೆಯ ತುದಿ ಮುಟ್ಟಿತೋ, ಅಲ್ಲಿಂದ ಎಲ್ಲ ನೇರ ವ್ಯಾಕ್ಯೂಮಿಗೆ.

ಮುಚ್ಚಳ ಸೋರಿದರೂ ಹಾಗೇ ಆಗುತ್ತದೆ. ಸಂದಿಯಿಂದ ನುಗ್ಗಿದ ಗಾಳಿ ಕೆಳಗೆ ಕೂತ ಪುಡಿಯನ್ನು ಎಬ್ಬಿಸಿ ಮತ್ತೆ ಮೇಲಕ್ಕೆ ಒಯ್ಯುತ್ತದೆ. ಹೀಗೆ ಮೊದಲು ಏಳುವುದು ಅತಿ ಸಣ್ಣ ಪುಡಿ. ಕಣ್ಣಿಗೆ ಕಾಣದ ಆ ಪುಡಿಯೇ ಎದೆಯೊಳಗೆ ಹೋಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬೀಟೆ, ತೇಗದ ಧೂಳಿಗೆ ಕೆಲವರ ಚರ್ಮ ಕೆರೆದು ಕೆಂಪಾಗುತ್ತದೆ. ಬಾಯಿಗೆ ಟವೆಲ್ ಕಟ್ಟಿಕೊಂಡು ಜೀವಮಾನವಿಡೀ ಹತ್ತರಿ ಹಿಡಿದ ಬಡಗಿಗಳನ್ನು ನಾನು ನೋಡಿದ್ದೇನೆ. ಅವರಿಗೆ ಇಂಥ ಒಂದು ಡ್ರಮ್ಮು ಮೊದಲೇ ಸಿಗಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಸೋರಿಕೆ ಹುಡುಕುವುದು ಸುಲಭ. ಡ್ರಮ್ಮು ಖಾಲಿ ಇರುವಾಗ, ಸುತ್ತ ಗುಡಿಸಿ ಚೊಕ್ಕ ಮಾಡಿದ ಮೇಲೆ, ವ್ಯಾಕ್ಯೂಮ್ ಹಾಕಿ ಒಂದು ಊದುಬತ್ತಿಯನ್ನು ಮುಚ್ಚಳದ ಅಂಚಿನ ಸುತ್ತ ಮೆಲ್ಲಗೆ ತನ್ನಿ. ಹೊಗೆ ನೆಟ್ಟಗೆ ಏಳುತ್ತಿದ್ದರೆ ಸರಿ. ಎಲ್ಲಾದರೂ ದಾರದ ಹಾಗೆ ಬಾಗಿ ಒಳಗೆ ಎಳೆದುಕೊಂಡರೆ ಅಲ್ಲಿ ಸಂದಿ ಇದೆ. ಊದುಬತ್ತಿ ಆರಿಸಿ ದೂರ ಇಡಿ. ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಆ ಅಂಚಿಗೆ ಸುತ್ತಿ ಅಂಟಿಸಿ, ಮುಚ್ಚಳ ಹಾಕಿ, ಮತ್ತೆ ನೋಡಿ.

ನನ್ನ ಡ್ರಮ್ಮಿಗೂ ಅದೇ ಟ್ಯೂಬು ಇದೆ. ಹೋದ ತಿಂಗಳು ಒಂದು ಪುಸ್ತಕದ ಕಪಾಟು ಮುಗಿಸಿ, ಮಾಸ್ಕ್ ಹಾಕಿಕೊಂಡು, ಅಂಗಳಕ್ಕೆ ಒಯ್ದು ಮುಚ್ಚಳ ತೆಗೆದೆ. ಡ್ರಮ್ಮಿನಲ್ಲಿ ಅರ್ಧಕ್ಕೂ ಮೇಲೆ ಹೊಟ್ಟು. ವ್ಯಾಕ್ಯೂಮಿನ ಒಳಗೆ ಹುಡುಕಿದರೆ ಸಿಕ್ಕಿದ್ದು ಒಂದು ಚಮಚ ಪುಡಿ. ನಮಸ್ಕಾರ.