ಹಗಲಲ್ಲೇ ಅಡಗಿದವರು

ಎಲ್ಲರಿಗೂ ನಮಸ್ಕಾರ.

ನಿಂಜಾ ಎಂದ ಕೂಡಲೇ ಕಣ್ಮುಂದೆ ಬರುವುದು ಕಪ್ಪು ಬಟ್ಟೆ, ಮುಖಗವಸು, ಮಾಡಿನಿಂದ ಮಾಡಿಗೆ ಹಾರುವ ಆಳು. ಇವತ್ತು ಆ ಚಿತ್ರವನ್ನು ಸ್ವಲ್ಪ ಬದಿಗಿಡೋಣ. ಹಳೆಯ ಕಾಲದ ಜಪಾನಿನಲ್ಲಿ ವೈರಿಯ ಜಾಗಕ್ಕೆ ಗುಟ್ಟಾಗಿ ನುಸುಳುತ್ತಿದ್ದ ಈ ಬೇಹುಗಾರರಿಗೆ ಸಾಮಾನ್ಯವಾಗಿ ಇದ್ದ ಹೆಸರು ಶಿನೋಬಿ. ಅದನ್ನು ಬರೆಯುವ ಅಕ್ಷರದಲ್ಲಿ ಮೇಲೆ ಕತ್ತಿಯ ಅಲಗು, ಕೆಳಗೆ ಹೃದಯ. ಸಹಿಸುವುದು, ಅಡಗುವುದು, ಎರಡಕ್ಕೂ ಅದೇ ಅಕ್ಷರ.

ಇಗಾ ಮತ್ತು ಕೋಕಾ ಎಂಬ ಅಕ್ಕಪಕ್ಕದ ಬೆಟ್ಟನಾಡುಗಳು ಈ ವಿದ್ಯೆಗೆ ಹೆಸರಾದವು. 1581ರಲ್ಲಿ ಓಡಾ ನೊಬುನಾಗ ಎಂಬ ಬಲಾಢ್ಯ ಸೇನಾನಾಯಕ ಇಗಾ ನಾಡನ್ನು ತುಳಿದುಹಾಕಿದ. ಅದಾಗಿ ಸುಮಾರು ನೂರು ವರ್ಷಕ್ಕೆ, 1676ರಲ್ಲಿ, ಬಾಯಿಂದ ಬಾಯಿಗೆ ಬಂದ ತಿಳಿವಳಿಕೆಯನ್ನು ಒಟ್ಟುಮಾಡಿದ ‘ಬನ್ಸೆನ್‌ಶುಕಾಯ್’ ಎಂಬ ದೊಡ್ಡ ಗ್ರಂಥ ಸಿದ್ಧವಾಯಿತು. ಅದು ಶುರುವಾಗುವುದು ಆಯುಧದಿಂದಲ್ಲ, ಮನಸ್ಸಿನ ಶುದ್ಧಿಯಿಂದ. ಅದಿಲ್ಲದಿದ್ದರೆ ಈ ವಿದ್ಯೆಗೂ ಕಳ್ಳತನಕ್ಕೂ ವ್ಯತ್ಯಾಸವಿಲ್ಲ ಎಂಬ ಎಚ್ಚರ ಅಲ್ಲಿದೆ.

ಒಳಹೊಗುವ ದಾರಿ ಎರಡು. ಯೋನಿನ್ ಎಂದರೆ ಮುಖ ತೋರಿಸಿಕೊಂಡೇ, ವೇಷ ಮರೆಸಿ ಹೋಗುವುದು. ಇನ್ನಿನ್ ಎಂದರೆ ಕತ್ತಲಲ್ಲಿ ನುಸುಳುವುದು. ಸನ್ಯಾಸಿ, ವ್ಯಾಪಾರಿ, ಬೀದಿ ಆಟದವನು, ಇವೆಲ್ಲ ಮೊದಲ ದಾರಿಯ ವೇಷಗಳು. ಬಟ್ಟೆಯ ವಿಷಯದಲ್ಲಿ 1681ರ ‘ಶೋನಿಂಕಿ’ ಎಂಬ ಇನ್ನೊಂದು ಗ್ರಂಥ ಹೇಳುವುದು ಸರಳ: ಕಂದು, ಕಡುನೀಲಿ, ಕಪ್ಪು, ಊರಿನ ಜನ ದಿನವೂ ಉಡುವ ಬಣ್ಣಗಳೇ ಸಾಕು. ಹತ್ತು ಜನರಲ್ಲಿ ಹನ್ನೊಂದನೆಯವನಾಗಿ ಕರಗಿಹೋಗಬೇಕು, ಅಷ್ಟೇ.

ನನ್ನನ್ನು ಬಹಳ ಕಾಡಿದ್ದು ಎರಡನೆಯ ದಾರಿ. ಮನೆಗೆ ಯಾವ ರಾತ್ರಿ ನುಗ್ಗಬೇಕು? ಮದುವೆ, ಹಬ್ಬದ ಮಾರನೆಯ ರಾತ್ರಿ. ಕಾಯಿಲೆಯವರು ಚೇತರಿಸಿಕೊಂಡ ರಾತ್ರಿ. ಸಾವಾದ ಮನೆಯಲ್ಲಿ ಅತ್ತು ಅತ್ತು ಸೋತವರು ಮಲಗಿದ ರಾತ್ರಿ. ಗಾಳಿಮಳೆಯ ರಾತ್ರಿ. ಓದುವಾಗ ಎದೆ ಒಂದು ಕ್ಷಣ ನಿಂತಂತಾಗುತ್ತದೆ. ಬೀಗ, ಅಗುಳಿ ನೋಡುವ ಮೊದಲೇ ಮನೆಯವರ ದಣಿವನ್ನು ಅಳೆದಿದ್ದಾರಲ್ಲ! ಗೊರಕೆ ಕೇಳಿ ನಿದ್ದೆ ನಿಜವೋ ನಟನೆಯೋ ಎಂದು ತಿಳಿಯುವುದೂ ಪಾಠದಲ್ಲಿ ಸೇರಿತ್ತು.

ಕಾವಲಿನವನು ಎದುರಾದರೆ? ಉಜುರಾ-ಗಾಕುರೆ, ಅಂದರೆ ಲಾವಕ್ಕಿಯಂತೆ ಅಡಗುವುದು. ಕೈಕಾಲು ಒಳಗೆಳೆದು, ಮುಖ ನೆಲಕ್ಕೆ ತಗ್ಗಿಸಿ ಮುದುಡಿ ಕೂರುವುದು. ಬೆಳ್ಳಗಿನ ಮುಖ, ಉಸಿರಿನ ಸದ್ದು ಎರಡೂ ಮುಚ್ಚಿಹೋಗುತ್ತವೆ. ಬರುವವನನ್ನು ತಲೆಯೆತ್ತಿ ನೋಡುವಂತಿಲ್ಲ. ಹೆಜ್ಜೆ ಹತ್ತಿರವಾಗುತ್ತಿರುವಾಗ ನೋಡದೆ ಕೂರುವುದು ಎಷ್ಟು ಕಷ್ಟ, ಯೋಚಿಸಿ. ಆ ಅಕ್ಷರದ ‘ಸಹಿಸುವುದು’ ಎಂಬ ಅರ್ಥ ನನಗೆ ಬಿಡಿಸಿಕೊಂಡದ್ದು ಇಲ್ಲೇ.

ಇಷ್ಟೆಲ್ಲ ಕಲಿತವರೂ ಸೋತ ಒಂದು ಜಾಗವಿದೆ. 1638ರಲ್ಲಿ, ಶಿಮಾಬಾರಾ ದಂಗೆಯ ಕೊನೆಯ ತಿಂಗಳುಗಳಲ್ಲಿ, ಕ್ರೈಸ್ತ ದಂಗೆಕೋರರು ಹಿಡಿದಿದ್ದ ಹಾರಾ ಕೋಟೆಗೆ ಕೋಕಾದ ಶಿನೋಬಿಗಳನ್ನು ಕಳಿಸಿದರು. ಗೋಡೆ ದಾಟಿ ಒಳಹೊಕ್ಕರು. ಒಬ್ಬ ಹಳ್ಳಕ್ಕೆ ಬಿದ್ದ, ಜೊತೆಗಾರ ಮೇಲೆಳೆದ. ಆದರೆ ಒಳಗಿನವರೊಂದಿಗೆ ಬೆರೆತು ಉಳಿಯಲು ಆಗಲಿಲ್ಲ. ಕೋಟೆಯಿದ್ದ ಕ್ಯೂಶೂ ಸೀಮೆಯ ಆಡುಮಾತು ಅವರಿಗೆ ತಿಳಿಯದು, ಪ್ರಾರ್ಥನೆಯ ಪದಗಳಂತೂ ಕಿವಿಗೇ ಬಿದ್ದಿರಲಿಲ್ಲ. ಕಲ್ಲೇಟು ತಿಂದು, ಕೋಟೆಯ ಒಂದು ಬಾವುಟವನ್ನು ಕಿತ್ತುಕೊಂಡು, ಹೇಗೋ ಹೊರಬಿದ್ದರು.