ಲಯ ತಪ್ಪಿದ ಎದೆಬಡಿತ: ಮೇಕೆಗಳಿಂದ ತಿಳಿದದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕೂತಿರುವವರಲ್ಲಿ ಅರವತ್ತು ದಾಟಿದವರು ಬಹಳ ಮಂದಿ ಇರುತ್ತೀರಿ ಎಂದುಕೊಂಡು ಮಾತಾಡುತ್ತಿದ್ದೇನೆ. ಮೊದಲು ಒಂದು ಕೆಲಸ ಮಾಡಿ. ಎಡ ಅಂಗೈ ಮೇಲ್ಮುಖವಾಗಿರಲಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಅಂಚಿನಲ್ಲಿ ಬಲಗೈಯ ಎರಡು ಬೆರಳಿಡಿ. ನಾಡಿ ಸಿಕ್ಕಿತೇ? ಎಷ್ಟು ಬಡಿತ ಎಂದು ಎಣಿಸುವುದು ಆಮೇಲೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಒಂದೇ ಸಮನಾಗಿದೆಯೇ ಎಂಬುದನ್ನಷ್ಟೇ ನೋಡಿ. ಒಂದು ಬೇಗ, ಒಂದು ತಡವಾಗಿ, ಮತ್ತೆರಡು ಒಟ್ಟೊಟ್ಟಿಗೆ ಹೀಗೆ ಲೆಕ್ಕಕ್ಕೇ ಸಿಗದಂತೆ ಬಡಿಯುತ್ತಿದ್ದರೆ ಆ ವಿಷಯವನ್ನು ವೈದ್ಯರಿಗೆ ಹೇಳಬೇಕು. ನಾಳೆ, ನಾಡಿದ್ದು ಎನ್ನಬೇಡಿ. ತಡ ಮಾಡಬೇಡಿ. ನಾನು ಇವತ್ತು ಹೇಳಲು ಬಂದಿರುವುದೇ ಇಷ್ಟು.

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಮೇಲೆ ಬಲಗಡೆ ಒಂದು ಪುಟ್ಟ ಜಾಗದಿಂದ ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ತಿನ ಅಲೆ ಹೊರಡುತ್ತದೆ. ಅದು ಮೇಲಿನಿಂದ ಕೆಳಕ್ಕೆ ಹರಿದಂತೆ ಕೋಣೆಗಳು ಸರದಿಯಂತೆ ಮುದುಡುತ್ತವೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಕಾಯಿಲೆಯಲ್ಲಿ ಮೇಲಿನ ಕೋಣೆಗಳಲ್ಲಿ ಒಂದು ಅಲೆಯ ಬದಲು ಹಲವು ಅಲೆಗಳು ದಿಕ್ಕುದೆಸೆಯಿಲ್ಲದೆ ಓಡಾಡುತ್ತವೆ. ಕೋಣೆ ಮುದುಡುವುದೇ ಇಲ್ಲ, ಬರೀ ನಡುಗುತ್ತದೆ. ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಈ ಕಾಯಿಲೆ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 5 ಪಟ್ಟು ಹೆಚ್ಚು.

ಆದರೂ ಜನ ಏನು ಮಾಡುತ್ತಾರೆ? ಎದೆ ಡವಡವ ಎಂದಿತು, ಹತ್ತು ನಿಮಿಷಕ್ಕೆ ನಿಂತಿತು, ಗ್ಯಾಸ್ ಇರಬೇಕು, ಬಿಡು ಎನ್ನುತ್ತಾರೆ. ತಾನಾಗಿ ನಿಂತಿತಲ್ಲ ಎಂಬುದೇ ಅವರಿಗೆ ಸಮಾಧಾನ. ಈ ಸಮಾಧಾನ ಎಷ್ಟು ತಪ್ಪು ಎಂಬುದನ್ನು ನಮಗೆ ತೋರಿಸಿದ್ದು ಮೇಕೆಗಳು. ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಕೇಳಿ.

ಮೇಕೆಯೇ ಏಕೆ, ಪ್ರಯೋಗಾಲಯದಲ್ಲಿ ಇಲಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಸುಂಡಿಲಿಯ ಹೃದಯ ನಿಮಿಷಕ್ಕೆ 500-600 ಸಲ ಬಡಿಯುತ್ತದೆ, ಗಾತ್ರ ತೀರಾ ಚಿಕ್ಕದು. ಅಲೆಗಳು ಅಡ್ಡಾದಿಡ್ಡಿ ಸುತ್ತಬೇಕಾದರೆ ಅವಕ್ಕೆ ಜಾಗ ಬೇಕು. ನಡುಗುತ್ತಿರುವ ಹೃದಯದ ಸ್ನಾಯುವನ್ನು ಕತ್ತರಿಸಿ ಚಿಕ್ಕದು ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಆ ತುಂಡಿನ ನಡುಕ ನಿಂತುಬಿಡುತ್ತದೆ ಎಂದು ವಾಲ್ಟರ್ ಗ್ಯಾರಿ ಎಂಬ ವಿಜ್ಞಾನಿ 1914ರಲ್ಲೇ ತೋರಿಸಿದ್ದರು. ಕುದುರೆಯ ಹೃತ್ಕರ್ಣ ಬಹಳ ದೊಡ್ಡದು. ಯಾರೂ ಏನೂ ಮಾಡದೆಯೇ ಕುದುರೆಗಳಿಗೆ ಈ ಕಾಯಿಲೆ ಬರುತ್ತದೆ. ಮೇಕೆಯದು ಇವೆರಡರ ನಡುವಿನ ಗಾತ್ರ. ಮೇಲಾಗಿ ಮೇಕೆ ಗಟ್ಟಿ ಜೀವ. ವಾರಗಟ್ಟಲೆ ಎದೆಯಲ್ಲಿ ತಂತಿಗಳನ್ನು ಇಟ್ಟುಕೊಂಡೂ ಮೇವು ತಿಂದುಕೊಂಡು, ಮಲಗಿ ಎದ್ದುಕೊಂಡು ಇರಬಲ್ಲದು.

ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ನಗರದಲ್ಲಿ ವೈಫೆಲ್ಸ್, ಅಲೆಸಿ ಎಂಬ ಸಂಶೋಧಕರು ಮತ್ತವರ ಸಂಗಡಿಗರು ಮೇಕೆಗಳಿಗೆ ಅರಿವಳಿಕೆ ಕೊಟ್ಟು, ಹೃತ್ಕರ್ಣಗಳ ಮೇಲೆ ವಿದ್ಯುದ್ವಾರಗಳನ್ನು ಹೊಲಿದು, ತಂತಿಗಳನ್ನು ಹೊರಗೆ ತಂದು ಒಂದು ಉಪಕರಣಕ್ಕೆ ಜೋಡಿಸಿದರು. ಪೇಸ್‌ಮೇಕರ್ ಎಂದರೆ ಹೃದಯದ ಲಯ ಕಾಪಾಡುವ ಯಂತ್ರ, ಅಲ್ಲವೇ? ಇದು ಮಾಡಿದ್ದು ಅದಕ್ಕೆ ತದ್ವಿರುದ್ಧವಾದ ಕೆಲಸ. ಮೇಕೆಯ ಹೃದಯವನ್ನು ಹಗಲೂ ರಾತ್ರಿ ಗಮನಿಸುತ್ತಿತ್ತು. ಲಯ ಸರಿಯಾಗಿದೆ ಎಂದು ಕಂಡ ತಕ್ಷಣ ಒಂದು ಸೆಕೆಂಡು ಸರಸರನೆ ಮಿಡಿತಗಳನ್ನು ಕೊಟ್ಟು ಹೃತ್ಕರ್ಣವನ್ನು ನಡುಗಿಸಿಬಿಡುತ್ತಿತ್ತು. ನಡುಕ ನಿಂತರೆ ಮತ್ತೆ ನಡುಗಿಸುವುದು. ಬೇರೆ ಔಷಧ ಕೊಡಲಿಲ್ಲ, ಹೃದಯಕ್ಕೆ ಬೇರೆ ಯಾವ ಕಾಯಿಲೆಯೂ ಇರಲಿಲ್ಲ.

ಮೊದಲು ಏನಾಯಿತು? ಆರೋಗ್ಯವಾಗಿದ್ದ ಆ ಹೃದಯಗಳು ಸುಮಾರು ಆರೇ ಸೆಕೆಂಡಿನಲ್ಲಿ ನಡುಕವನ್ನು ಕೊಡವಿಕೊಂಡು ಸರಿಯಾದ ಲಯಕ್ಕೆ ಮರಳುತ್ತಿದ್ದವು. ಉಪಕರಣ ಬಿಡಲಿಲ್ಲ. ಹೃದಯಗಳು ಮರಳಲು ತೆಗೆದುಕೊಳ್ಳುವ ಹೊತ್ತು ಹೆಚ್ಚುತ್ತಾ ಹೋಯಿತು. ಸೆಕೆಂಡುಗಳು ನಿಮಿಷಗಳಾದವು, ನಿಮಿಷಗಳು ಗಂಟೆಗಳಾದವು. ಸರಾಸರಿ ಒಂದು ವಾರದ ಹೊತ್ತಿಗೆ 11 ಮೇಕೆಗಳಲ್ಲಿ 10ರ ಹೃತ್ಕರ್ಣ 24 ಗಂಟೆ ದಾಟಿದರೂ ನಡುಗುತ್ತಲೇ ಇತ್ತು! ಉಪಕರಣಕ್ಕೆ ಇನ್ನು ಕೆಲಸವೇ ಉಳಿಯಲಿಲ್ಲ. ಹೃದಯಕ್ಕೆ ನಡುಗುವುದೇ ಚಟವಾಗಿಹೋಗಿತ್ತು.

ಒಳಗೆ ನಡೆದದ್ದೇನು? ಒಂದು ಸಲ ಮಿಡಿದ ಸ್ನಾಯುವಿಗೆ ಮತ್ತೆ ಮಿಡಿಯುವ ಮುನ್ನ ಒಂದಷ್ಟು ಬಿಡುವು ಬೇಕು. ಆ ಬಿಡುವಿನ ಹೊತ್ತಿನಲ್ಲಿ ಅಡ್ಡಾದಿಡ್ಡಿ ಅಲೆ ಬಂದು ಬಡಿದರೂ ಸ್ನಾಯು ಮಿಡಿಯುವುದಿಲ್ಲ, ಅಲೆ ಅಲ್ಲೇ ಸಾಯುತ್ತದೆ. ಮೇಕೆಗಳಲ್ಲಿ ಸರಾಸರಿ 146 ಮಿಲಿಸೆಕೆಂಡು ಇದ್ದ ಈ ಬಿಡುವು ನಡುಕ ಶುರುವಾದ ಮೇಲೆ 95ಕ್ಕೆ ಇಳಿದಿತ್ತು. ಬಿಡುವು ಕಡಿಮೆಯಾದಷ್ಟೂ ಅಲೆಗಳಿಗೆ ಓಡಾಡಲು ಅನುಕೂಲ. ಅಂದರೆ ನಡುಕವೇ ಮುಂದಿನ ನಡುಕಕ್ಕೆ ನೆಲ ಹದ ಮಾಡಿಕೊಟ್ಟಿತ್ತು. 1995ರಲ್ಲಿ ಈ ಫಲಿತಾಂಶ ಪ್ರಕಟವಾದಾಗಿನಿಂದ ನಮ್ಮ ವೈದ್ಯ ವೃತ್ತಿಯಲ್ಲಿ ಈ ಕಾಯಿಲೆಯನ್ನು ನೋಡುವ ರೀತಿಯೇ ಬದಲಾಯಿತು.

ಇದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ, ನನಗೆ ಅದೇ ಮುಖ್ಯ. ಸರಿಯಾದ ಲಯ ಮರಳಿ ಬಂದರೆ ಒಂದು ವಾರದೊಳಗೆ ಆ ಬಿಡುವೂ ಮೊದಲಿನಂತಾಯಿತು. ಹೃದಯ ಹಿಂದಿರುಗಲು ಸಿದ್ಧವಿತ್ತು. ಆದರೆ ತಿಂಗಳುಗಟ್ಟಲೆ ನಡುಗಿದ ಮೇಕೆಗಳ ಹೃತ್ಕರ್ಣದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮುದುಡುವ ಎಳೆಗಳೇ ಕರಗಿಹೋಗಿದ್ದವು. ಅದು ಅಷ್ಟು ಸುಲಭವಾಗಿ ಸರಿಹೋಗುವಂಥದ್ದಲ್ಲ. ಬೇಗ ಬಂದರೆ ದಾರಿಯಿದೆ ಎಂದು ನಾನು ಒತ್ತಿ ಒತ್ತಿ ಹೇಳುವುದು ಇದಕ್ಕೇ.

ಮೇಕೆಯ ಮಾತು ಮನುಷ್ಯರಿಗೆ ಹೊಂದುತ್ತದೆಯೇ? ಯುರೋಪಿನ 11 ದೇಶಗಳಲ್ಲಿ 2,789 ರೋಗಿಗಳ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಕಾಯಿಲೆ ಗೊತ್ತಾಗಿ ಒಂದು ವರ್ಷದೊಳಗಿನ ಮಾತು. ಅವರಲ್ಲಿ ಅರ್ಧದಷ್ಟು ಮಂದಿಗೆ ಮೊದಲೇ ಲಯ ಸರಿಪಡಿಸುವ ಚಿಕಿತ್ಸೆ ಶುರುಮಾಡಿದರು. ಹೃದಯದಿಂದ ಬರುವ ಸಾವು, ಪಾರ್ಶ್ವವಾಯು, ಹೃದಯದ ತೊಂದರೆಗೆ ಆಸ್ಪತ್ರೆ ಸೇರುವುದು ಇವೆಲ್ಲ ಒಟ್ಟಾಗಿ ಅವರಲ್ಲಿ ಉಳಿದವರಿಗಿಂತ ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಾಯಿತು.

ಪ್ರಾಣಿಗಳ ಮೇಲೆ ಇದನ್ನೆಲ್ಲ ಮಾಡುವುದು ಸರಿಯೇ ಎಂದು ಕೇಳುವವರ ಮೇಲೆ ನನಗೆ ಗೌರವವಿದೆ. ಪ್ರಾಣಿಯ ಬದಲು ಬೇರೆ ದಾರಿ ಇದ್ದರೆ ಅದನ್ನೇ ಹಿಡಿ, ಇಲ್ಲದಿದ್ದರೆ ಸಂಖ್ಯೆ ಕಡಿಮೆ ಮಾಡು, ನೋವು ಕಡಿಮೆ ಮಾಡು ಎಂಬ ಮೂರು ನಿಯಮಗಳನ್ನು ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲಿ ಮುಂದಿಟ್ಟರು. ಅವನ್ನು ಪಾಲಿಸದವರ ಕೈಗೆ ಪ್ರಾಣಿಯನ್ನು ಕೊಡಬಾರದು, ಇದು ನನ್ನ ಖಚಿತ ಅಭಿಪ್ರಾಯ. ಆದರೆ ಹನ್ನೊಂದು ಮೇಕೆಗಳಿಂದ ಬಂದ ತಿಳಿವಳಿಕೆಯನ್ನು ನಾವು ಉಪಯೋಗಿಸದೆ ಕೂತರೆ ಅದೂ ಆ ಪ್ರಾಣಿಗಳಿಗೆ ಮಾಡಿದ ಅನ್ಯಾಯವೇ.

ಹೃದಯದ ಚಿತ್ರ ತೆಗೆಯುವ ವಿಧಾನಗಳ ಬಗ್ಗೆಯೂ ಹೇಳಬೇಕಿತ್ತು, ಸಮಯ ಕಡಿಮೆ ಉಳಿದಿದೆ. ಬೇಗ ಹೇಳಿಬಿಡುತ್ತೇನೆ. ವಿದ್ಯುತ್ತು ಬದಲಾದಂತೆ ಹೊಳಪು ಬದಲಿಸುವ ಬಣ್ಣವನ್ನು ಪ್ರಾಣಿಯ ಹೃದಯಕ್ಕೆ ಹಾಯಿಸಿ, ಸೆಕೆಂಡಿಗೆ ಸಾವಿರದಷ್ಟು ಚಿತ್ರ ತೆಗೆದರೆ ಅಲೆಗಳು ಸುರುಳಿ ಸುತ್ತುವುದು ಕಣ್ಣಿಗೇ ಕಾಣುತ್ತದೆ. ಎಂಆರ್‌ಐಯಲ್ಲಿ ಗ್ಯಾಡೊಲಿನಿಯಂ ಎಂಬ ಔಷಧ ಚುಚ್ಚಿದಾಗ ಬೆಳ್ಳಗೆ ಕಾಣುವ ಜಾಗ ಸತ್ತ ಸ್ನಾಯುವೇ ಹೌದು ಎಂಬುದು 1999ರಲ್ಲಿ ನಾಯಿಗಳ ಹೃದಯವನ್ನು ಚಿತ್ರದ ಜೊತೆ ಇಟ್ಟು ಹೋಲಿಸಿದ ಮೇಲೆ ಖಾತರಿಯಾಯಿತು. ಇವತ್ತು ಅದೇ ಚಿತ್ರ ನೋಡಿ, ಲಯ ಕೆಡಿಸುವ ಗಾಯದ ಕಲೆ ಎಲ್ಲಿದೆ ಎಂದು ರೋಗಿಗಳಲ್ಲಿ ಗುರುತಿಸುತ್ತೇವೆ. ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವ ಎಕೋ ಪರೀಕ್ಷೆ ಹೃತ್ಕರ್ಣ ಎಷ್ಟು ಹಿಗ್ಗಿದೆ ಎಂದು ಹೇಳುತ್ತದೆ. ಹೆಚ್ಚು ಹಿಗ್ಗಿದ್ದರೆ ನೀವು ತಡವಾಗಿ ಬಂದಿದ್ದೀರಿ ಎಂದೇ ನಾನು ಎಷ್ಟೋ ಸಲ ಹೇಳಬೇಕಾಗುತ್ತದೆ.

ಇನ್ನು ಇಸಿಜಿ. ಕರೆಂಟು ಹೊಡೆಯುತ್ತದೆ ಎಂದು ಹೆದರುವವರು ಇನ್ನೂ ಇದ್ದಾರೆ. ಆಗಸ್ಟಸ್ ವಾಲರ್ ಎಂಬ ವಿಜ್ಞಾನಿ 1909ರಲ್ಲಿ ಲಂಡನ್ನಿನಲ್ಲಿ ತಮ್ಮ ನಾಯಿ ಜಿಮ್ಮಿಯ ಪಾದಗಳನ್ನು ಉಪ್ಪುನೀರಿನಲ್ಲಿ ನಿಲ್ಲಿಸಿ ಅದರ ಎದೆಬಡಿತದ ವಿದ್ಯುತ್ತನ್ನು ಜನರಿಗೆ ತೋರಿಸಿದರು. ನಾಯಿಗೆ ಹಿಂಸೆಯಾಯಿತೆಂದು ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂತು. ಸಮುದ್ರದ ನೀರಿನಲ್ಲಿ ಕಾಲಾಡಿಸಿದರೆ ಹೇಗಿರುತ್ತದೋ ಹಾಗೆ, ಅಷ್ಟೇ ಎಂದು ಗೃಹಮಂತ್ರಿ ಉತ್ತರ ಕೊಟ್ಟರು. ಇಸಿಜಿ ಯಂತ್ರ ನಿಮ್ಮ ಮೈಗೆ ವಿದ್ಯುತ್ತು ಹಾಯಿಸುವುದಿಲ್ಲ. ನಿಮ್ಮ ಹೃದಯದ ವಿದ್ಯುತ್ತನ್ನು ಬರೆದುಕೊಳ್ಳುತ್ತದೆ.

ಅದನ್ನು ಮಾಡಿಸಬೇಕಾದದ್ದು ಎದೆ ಡವಡವ ಎನ್ನುತ್ತಿರುವಾಗಲೇ. ಎಲ್ಲ ಶಾಂತವಾದ ಮೇಲೆ ತೆಗೆದ ಇಸಿಜಿಯಲ್ಲಿ ಏನೂ ಕಾಣದೆ ಹೋಗಬಹುದು. ಹಾಗಾಗಿ ಬಡಿತ ತಪ್ಪಿದ ಕೂಡಲೇ ಹತ್ತಿರದಲ್ಲಿ ಇಸಿಜಿ ಎಲ್ಲಿ ಮಾಡುತ್ತಾರೋ ಅಲ್ಲಿಗೆ ಹೋಗಿ. ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ತಲೆಸುತ್ತು ಇದ್ದರೆ ನೇರವಾಗಿ ತುರ್ತು ಚಿಕಿತ್ಸೆಗೇ ಹೋಗಿ. ಅವರು ಕೊಟ್ಟ ಇಸಿಜಿ ಕಾಗದದ ಪಟ್ಟಿಯನ್ನು ಅಲ್ಲೇ ಬಿಟ್ಟು ಬರಬೇಡಿ. ದಿನಾಂಕ, ಸಮಯ ಬರೆದು ತೆಗೆದಿಡಿ. ಶಾಯಿ ಮಾಸುವ ಕಾಗದವಾದರೆ ಒಂದು ಫೋಟೋ ತೆಗೆದುಕೊಳ್ಳಿ. ಮುಂದೆ ನಿಮ್ಮನ್ನು ನೋಡುವ ವೈದ್ಯರು ಎಲ್ಲಕ್ಕಿಂತ ಮೊದಲು ಕೇಳುವುದು ಅದನ್ನೇ.

ನಮಸ್ಕಾರ.